ಹೆಸರು ಒಬ್ಬರದು, ಮೈದಾನ ಇನ್ನೊಬ್ಬರದು: ಪ್ರಾಗ್‌ನ ಬೊಹೀಮಿಯನ್ಸ್ ಉಳಿದುಕೊಂಡ ಬಗೆ

2005 ಬೊಹೀಮಿಯನ್ಸ್ ಫುಟ್‌ಬಾಲ್ ಕ್ಲಬ್‌ಗೆ ನೂರು ತುಂಬಿದ ವರ್ಷ. ಚೆಕ್ ರಾಜಧಾನಿ ಪ್ರಾಗ್‌ನ ವರ್ಶೋವಿತ್ಸೆ ಬಡಾವಣೆಯಲ್ಲಿ ಹಬ್ಬ ನಡೆಯಬೇಕಿತ್ತು. ಆದರೆ ಅದೇ ವರ್ಷ ಕ್ಲಬ್ ನಡೆಸುತ್ತಿದ್ದ ಕಂಪನಿ ಸಾಲದಲ್ಲಿ ಮುಳುಗಿತು. ತಂಡ ಎರಡನೇ ದರ್ಜೆಯ ಲೀಗ್‌ನಿಂದ ಹೊರಬಿತ್ತು. ಕ್ಲಬ್‌ನ ಹೆಸರು ಮತ್ತು ಲಾಂಛನವನ್ನು ಊರಿನ ಇನ್ನೊಂದು ತುದಿಯ ಬೇರೊಂದು ಕ್ಲಬ್ ಬಾಡಿಗೆಗೆ ತೆಗೆದುಕೊಂಡಿತು. ಅಭಿಮಾನಿಗಳು ಒಂದು ಸಹಕಾರ ಸಂಘ ಕಟ್ಟಿ ದುಡ್ಡು ಕೂಡಿಸಿ, ಮೂರನೇ ದರ್ಜೆಯಿಂದ ಮತ್ತೆ ಶುರು ಮಾಡಿದರು.

ಈ ಕಥೆಯನ್ನು ಸಾಮಾನ್ಯವಾಗಿ 'ಅಭಿಮಾನಿಗಳು ಕ್ಲಬ್ ಉಳಿಸಿದರು' ಎಂದು ಒಂದೇ ಸಾಲಿನಲ್ಲಿ ಹೇಳಿ ಮುಗಿಸುತ್ತಾರೆ. ಅದು ಸುಳ್ಳಲ್ಲ. ಆದರೆ ಅರ್ಧ ಕಥೆ. ಉಳಿದರ್ಧ ಕಾಗದಪತ್ರದ್ದು: ಹೆಸರು ಯಾರದು, ನೆಲ ಯಾರದು, ಸಾಲ ಯಾರದು ಅನ್ನೋದು. ನನಗೆ ಈ ಪ್ರಕರಣದಲ್ಲಿ ಜಾಸ್ತಿ ಕುತೂಹಲ ಇರುವುದು ಅಲ್ಲಿಯೇ.

ಕಾಂಗರೂ ಬಂದ ದಾರಿ

1905ರಲ್ಲಿ ಈ ಕ್ಲಬ್‌ನ ಹೆಸರು ಎಎಫ್‌ಕೆ ವರ್ಶೋವಿತ್ಸೆ. ಆಗ ವರ್ಶೋವಿತ್ಸೆ ಪ್ರಾಗ್‌ನ ಭಾಗವೇ ಆಗಿರಲಿಲ್ಲ, ಪಕ್ಕದ ಪ್ರತ್ಯೇಕ ಪಟ್ಟಣ. ಪ್ರಾಗ್‌ಗೆ ಸೇರಿದ್ದು 1922ರಲ್ಲಿ. ಪ್ರಾಗ್‌ನ ಫುಟ್‌ಬಾಲ್ ಅಂದರೆ ಸ್ಪಾರ್ಟಾ, ಸ್ಲಾವಿಯಾ ಅನ್ನುವ ಕಾಲ. ಇವರು ಮೂರನೆಯವರು, ನಾಲ್ಕನೆಯವರು.

1927ರಲ್ಲಿ ಇವರಿಗೆ ಆಸ್ಟ್ರೇಲಿಯಾದಿಂದ ಕರೆ ಬಂತು. ಹಡಗಿನಲ್ಲಿ ವಾರಗಟ್ಟಲೆ ಪ್ರಯಾಣ. ಆಸ್ಟ್ರೇಲಿಯಾದವರ ನಾಲಿಗೆಗೆ ವರ್ಶೋವಿತ್ಸೆ ಹೊರಳುವುದಿಲ್ಲ, ಹಾಗಾಗಿ ಪ್ರವಾಸಕ್ಕೆಂದು ಬೊಹೀಮಿಯನ್ಸ್ ಎಂಬ ಹೆಸರಿಟ್ಟುಕೊಂಡರು. ಆ ಹೆಸರೇ ಗಟ್ಟಿಯಾಯಿತು. ಅಲ್ಲಿಯವರು ಬೀಳ್ಕೊಡುವಾಗ ಎರಡು ಜೀವಂತ ಕಾಂಗರೂಗಳನ್ನು ಉಡುಗೊರೆ ಕೊಟ್ಟರು. ಫುಟ್‌ಬಾಲ್ ತಂಡ ಕಾಂಗರೂ ಸಾಕುವುದು ಹೇಗೆ? ಪ್ರಾಗ್ ಮೃಗಾಲಯಕ್ಕೆ ಒಪ್ಪಿಸಿದರು ಎಂಬುದು ಕ್ಲಬ್‌ನಲ್ಲಿ ಎಲ್ಲರೂ ಹೇಳುವ ಕಥೆ. ಮೃಗಾಲಯ ಬಾಗಿಲು ತೆರೆದದ್ದೇ 1931ರಲ್ಲಿ, ಹಾಗಾಗಿ ನಡುವಿನ ವರ್ಷಗಳಲ್ಲಿ ಅವನ್ನು ಯಾರು ಮೇಯಿಸಿದರೋ! ಅಂತೂ ಹಸಿರು ಬಿಳಿ ಲಾಂಛನದಲ್ಲಿ ಕಾಂಗರೂ ಬಂದು ಕೂತಿತು. ಮಧ್ಯ ಯುರೋಪಿನ ಒಂದು ಬಡಾವಣೆಯ ತಂಡವನ್ನು ಇವತ್ತಿಗೂ 'ಕ್ಲೊಕನಿ', ಅಂದರೆ ಕಾಂಗರೂಗಳು ಅಂತಲೇ ಕರೆಯುತ್ತಾರೆ.

1932ರಲ್ಲಿ ಬೋತಿಚ್ ಎಂಬ ತೊರೆಯ ಪಕ್ಕದ ತಗ್ಗಿನಲ್ಲಿ ಮೈದಾನ ಸಿದ್ಧವಾಯಿತು. ಜನ ಅದನ್ನು ದ್ಯೋಲಿಚೆಕ್ ಅನ್ನುತ್ತಾರೆ. ಮುಂದಿನ ರಸ್ತೆಯಲ್ಲಿ ಟ್ರ್ಯಾಮ್ ಓಡುತ್ತದೆ, ಸುತ್ತ ಮನೆಗಳು. ಗೋಲಿನ ಹಿಂದಿನ ಅಪಾರ್ಟ್‌ಮೆಂಟಿನ ಬಾಲ್ಕನಿಯಿಂದ ಟಿಕೆಟ್ ಇಲ್ಲದೆ ಪಂದ್ಯ ನೋಡಬಹುದು. ಇವತ್ತು ಅಲ್ಲಿ ಹಿಡಿಸುವುದು ಐದಾರು ಸಾವಿರ ಜನ ಮಾತ್ರ. ಸುಮಾರು ಒಂದು ಕಿಲೋಮೀಟರ್ ದೂರದಲ್ಲೇ ಸ್ಲಾವಿಯಾದ ಈಡನ್ ಮೈದಾನ ಇದೆ, ಅಲ್ಲಿ ಸುಮಾರು 20,000 ಜನಕ್ಕೆ ಜಾಗ.

ಇನ್ನು ಹೆಸರು. ನಾಜಿ ಆಕ್ರಮಣದ ಕಾಲದಲ್ಲಿ ಕ್ಲಬ್ 'ಬೊಹೀಮಿಯಾ' ಆಯಿತು. ಕಮ್ಯುನಿಸ್ಟ್ ಸರ್ಕಾರ ಬಂದ ಮೇಲೆ ರೈಲ್ವೆಯವರ ತಂಡವಾಗಿ 'ಝೆಲೆಜ್ನಿಚಾರಿ', ಆಮೇಲೆ 'ಸ್ಪಾರ್ಟಕ್ ಸ್ಟಾಲಿನ್‌ಗ್ರಾಡ್', 60ರ ದಶಕದಲ್ಲಿ ದೊಡ್ಡ ಎಂಜಿನಿಯರಿಂಗ್ ಕಾರ್ಖಾನೆಯೊಂದರ ಹೆಸರಿನಲ್ಲಿ 'ಚೆಕಾಡೆ'. 1965ರಲ್ಲಿ ಬೊಹೀಮಿಯನ್ಸ್ ಎಂಬ ಹೆಸರು ಮರಳಿತು, ಕಾರ್ಖಾನೆಯ ಹೆಸರನ್ನು ಬಾಲವಾಗಿ ಅಂಟಿಸಿಕೊಂಡು. ಆ ಕಾಲದಲ್ಲಿ ಇದು ಇವರೊಬ್ಬರ ಪಾಡಲ್ಲ. ಸ್ಲಾವಿಯಾ ಕೂಡ ಡೈನಮೋ ಆಗಿತ್ತು. ಇದನ್ನು ಇಲ್ಲಿ ಹೇಳಲು ಕಾರಣ ಇದೆ. ಮುಂದೆ ಹೆಸರಿಗಾಗಿ ಕೋರ್ಟು ಹತ್ತಿದ ಜನ, ಹೆಸರನ್ನು ಮೇಲಿನವರು ಬೇಕಾದಂತೆ ಬದಲಾಯಿಸುವುದನ್ನು ಹಲವು ಸಲ ಕಂಡವರು.

ಚಾಕೊಲೇಟ್ ಪಂದ್ಯ

ಬೊಹೀಮಿಯನ್ಸ್ ಹೆಸರು ಕೇಳದವರೂ ಈ ಕ್ಲಬ್‌ನಲ್ಲಿ ಹುಟ್ಟಿದ ಒಂದು ಹೊಡೆತವನ್ನು ನೋಡಿರುತ್ತಾರೆ. ಪೆನಾಲ್ಟಿ ಹೊಡೆಯುವವನು ಜೋರಾಗಿ ಓಡಿ ಬರುತ್ತಾನೆ, ಗೋಲ್‌ಕೀಪರ್ ಒಂದು ಕಡೆಗೆ ಹಾರುತ್ತಾನೆ, ಚೆಂಡು ಮೆಲ್ಲಗೆ ಮೇಲೆದ್ದು ನಡುವಿನಲ್ಲೇ ಬಲೆಯೊಳಗೆ ಇಳಿಯುತ್ತದೆ. ಅದಕ್ಕೆ ಪನೆಂಕಾ ಎಂದೇ ಹೆಸರು.

ಆಂತೊನಿನ್ ಪನೆಂಕಾ 1967ರಿಂದ 1981ರವರೆಗೆ ಬೊಹೀಮಿಯನ್ಸ್‌ನ ಮಿಡ್‌ಫೀಲ್ಡರ್. ಅಭ್ಯಾಸ ಮುಗಿದ ಮೇಲೆ ಅವನೂ ಗೋಲ್‌ಕೀಪರ್ ಜ್ದೆನೆಕ್ ಹ್ರುಷ್ಕಾನೂ ಮೈದಾನದಲ್ಲೇ ಉಳಿದು ಪೆನಾಲ್ಟಿ ಪಂದ್ಯ ಕಟ್ಟುತ್ತಿದ್ದರು. ಪಣ ಒಂದು ಚಾಕೊಲೇಟ್ ಅಥವಾ ಒಂದು ಬಿಯರ್. ಹ್ರುಷ್ಕಾ ಒಳ್ಳೆಯ ಕೀಪರ್, ಪನೆಂಕಾ ಸೋತು ಸೋತು ಜೇಬು ಖಾಲಿ ಮಾಡಿಕೊಳ್ಳುತ್ತಿದ್ದ. ರಾತ್ರಿ ಮಲಗಿ ಯೋಚಿಸಿದಾಗ ಹೊಳೆದದ್ದು ಇಷ್ಟು: ಕೀಪರ್ ಕೊನೇ ಕ್ಷಣದವರೆಗೆ ಕಾದು ಒಂದು ಬದಿಗೆ ಹಾರಿಯೇ ಹಾರುತ್ತಾನೆ. ಹಾರಿದವನಿಗೆ ಗಾಳಿಯಲ್ಲಿ ವಾಪಸ್ ಬರಲು ಆಗುವುದಿಲ್ಲ. ಚೆಂಡು ಜೋರಾಗಿದ್ದರೆ ಅವನ ಕಾಲಿಗಾದರೂ ತಾಗೀತು. ಮೆಲ್ಲಗೆ, ತಡವಾಗಿ ಬಂದರೆ ಅವನು ಅಷ್ಟರಲ್ಲಿ ನೆಲದ ಮೇಲಿರುತ್ತಾನೆ. ಹ್ರುಷ್ಕಾನ ಮೇಲೆ ಪ್ರಯೋಗಿಸಿ ನೋಡಿದ. ಅಲ್ಲಿಂದ ಚಾಕೊಲೇಟ್ ಲೆಕ್ಕ ತಿರುಗಿತು.

1976ರ ಜೂನ್ 20, ಬೆಲ್‌ಗ್ರೇಡ್. ಯುರೋಪಿಯನ್ ಚಾಂಪಿಯನ್‌ಷಿಪ್ ಫೈನಲ್, ಚೆಕೊಸ್ಲೊವಾಕಿಯಾ ಎದುರು ಪಶ್ಚಿಮ ಜರ್ಮನಿ. 2–2 ಸಮ. ಪೆನಾಲ್ಟಿಯಲ್ಲಿ ಜರ್ಮನಿಯ ಉಲಿ ಹೊನೆಸ್ ಚೆಂಡನ್ನು ಕಂಬದ ಮೇಲಿಂದ ಆಕಾಶಕ್ಕೆ ಹೊಡೆದ. ಈಗ ಪನೆಂಕಾ ಹೊಡೆದರೆ ಕಪ್. ಎದುರಿಗೆ ಸೆಪ್ ಮಾಯರ್. ಪನೆಂಕಾ ಓಡಿ ಬಂದ, ಮಾಯರ್ ಎಡಕ್ಕೆ ಬಿದ್ದ, ಚೆಂಡು ನಡುವಿನಲ್ಲಿ ಇಳಿಯಿತು. 5–3.

ಆ ಗೆಲುವು ದೇಶದ್ದು. ಕ್ಲಬ್‌ಗೆ ಇನ್ನೂ ಒಂದೂ ಲೀಗ್ ಪ್ರಶಸ್ತಿ ಇರಲಿಲ್ಲ. ಆಗಿನ ಚೆಕೊಸ್ಲೊವಾಕಿಯಾದಲ್ಲಿ ಆಟಗಾರರನ್ನು ಮೂವತ್ತು ದಾಟುವವರೆಗೆ ಹೊರದೇಶಕ್ಕೆ ಬಿಡುತ್ತಿರಲಿಲ್ಲ. ಪನೆಂಕಾ 32 ವಯಸ್ಸಿಗೆ ವಿಯೆನ್ನಾದ ರಾಪಿಡ್ ತಂಡಕ್ಕೆ ಹೋದ. ಅವನು ಹೋದ ಎರಡೇ ವರ್ಷಕ್ಕೆ, 1983ರಲ್ಲಿ, ಬೊಹೀಮಿಯನ್ಸ್ ಲೀಗ್ ಗೆದ್ದಿತು! ತರಬೇತುದಾರ ತೋಮಾಷ್ ಪೊಸ್ಪಿಖಾಲ್. ಗೋಲಿನಲ್ಲಿ ಅದೇ ಹ್ರುಷ್ಕಾ. ಲೀಗ್‌ನಲ್ಲೇ ಅತಿ ಹೆಚ್ಚು ಗೋಲು ಹೊಡೆದದ್ದು ಇವರ ಪಾವೆಲ್ ಖಲೌಪ್ಕಾ. ಅದೇ ಸೀಸನ್‌ನಲ್ಲಿ ಯುರೋಪಿನ ಕ್ಲಬ್‌ಗಳ ಯುಇಎಫ್‌ಎ ಕಪ್‌ನಲ್ಲಿ ಸೇಂಟ್ ಎಟಿಯೆನ್, ಡಂಡೀ ಯುನೈಟೆಡ್‌ನಂಥ ತಂಡಗಳನ್ನು ಮಣಿಸಿ ಸೆಮಿಫೈನಲ್ ತಲುಪಿದರು. ಅಲ್ಲಿ ಸೋತದ್ದು ಆಂಡರ್ಲೆಕ್ಟ್‌ಗೆ. ಆ ಸಲ ಕಪ್ ಎತ್ತಿದ್ದೂ ಆಂಡರ್ಲೆಕ್ಟೇ.

ಮುಂದಿನ ವರ್ಷ ಚಾಂಪಿಯನ್ ಕ್ಲಬ್‌ಗಳ ಕಪ್‌ನಲ್ಲಿ ಫೆನರ್‌ಬಾಚೆಯನ್ನು ದಾಟಿದ ಮೇಲೆ ಎದುರಾದದ್ದು ಯಾರು ಗೊತ್ತಾ? ರಾಪಿಡ್ ವಿಯೆನ್ನಾ, ಪನೆಂಕಾನ ಹೊಸ ಮನೆ. ಎರಡು ಪಂದ್ಯ ಸೇರಿ 2–2. ಹೊರ ಮೈದಾನದಲ್ಲಿ ಹೊಡೆದ ಗೋಲಿನ ಲೆಕ್ಕದಲ್ಲಿ ರಾಪಿಡ್ ಮುಂದೆ ಹೋಯಿತು.

1983ರ ಆ ಲೀಗ್ ಪ್ರಶಸ್ತಿ ಇವತ್ತಿಗೂ ಒಂದೇ ಒಂದು.

ಕ್ಲಬ್ ಮೂರು ತುಂಡಾದದ್ದು

1989ರಲ್ಲಿ ಕಮ್ಯುನಿಸ್ಟ್ ಆಡಳಿತ ಬಿದ್ದ ನಂತರ ಕಾರ್ಖಾನೆಗಳ ಆಶ್ರಯ ಹೋಯಿತು. 90ರ ದಶಕದಲ್ಲಿ ಚೆಕ್ ಕ್ಲಬ್‌ಗಳು ಕಂಪನಿಗಳಾದವು. ಬೊಹೀಮಿಯನ್ಸ್ ಕೂಡ ಆಯಿತು. ತೊಂದರೆಯ ಬೇರು ಇಲ್ಲಿದೆ, ಸ್ವಲ್ಪ ನಿಧಾನವಾಗಿ ನೋಡೋಣ.

ಹಳೇ ಕಾಲದಲ್ಲಿ ಫುಟ್‌ಬಾಲ್ ಅನ್ನುವುದು ದೊಡ್ಡ ಕ್ರೀಡಾ ಸಂಘವೊಂದರ ಒಂದು ವಿಭಾಗ ಮಾತ್ರ. ಟಿಜೆ ಬೊಹೀಮಿಯನ್ಸ್ ಎಂಬ ಆ ಸಂಘದಲ್ಲಿ ಬೇರೆ ಆಟಗಳೂ ಇದ್ದವು. 1993ರಲ್ಲಿ ಫುಟ್‌ಬಾಲ್ ವಿಭಾಗ ಬೇರೆ ಆಯಿತು. ತಂಡ, ಆಟಗಾರರು, ಖರ್ಚು, ಸಾಲ ಎಲ್ಲ ಹೊಸ ಕಂಪನಿಯ ಪಾಲಿಗೆ ಬಂತು. ಹಳೆಯ ಹೆಸರು ಮತ್ತು ಕಾಂಗರೂ ಲಾಂಛನದ ಹಕ್ಕು ಮಾತ್ರ ಸಂಘದ ಕೈಯಲ್ಲೇ ಉಳಿಯಿತು. ಮೈದಾನದ ನೆಲ ಕಾಲಕ್ರಮದಲ್ಲಿ ಒಂದು ಖಾಸಗಿ ಕಂಪನಿಯ ಪಾಲಾಯಿತು. ಅಣ್ಣತಮ್ಮಂದಿರು ಪಾಲಾದಾಗ ಒಬ್ಬನಿಗೆ ಮನೆ, ಒಬ್ಬನಿಗೆ ಹೊಲ, ಒಬ್ಬನಿಗೆ ಸಾಲ ಬಂದ ಹಾಗೆ.

ತಂಡ ಗೆಲ್ಲುತ್ತಾ, ದುಡ್ಡು ಬರುತ್ತಾ ಇರುವವರೆಗೆ ಈ ವಿಂಗಡಣೆ ಯಾರಿಗೂ ಕಾಣುವುದಿಲ್ಲ. ಬೊಹೀಮಿಯನ್ಸ್ ಮೊದಲ ದರ್ಜೆಯಿಂದ ಇಳಿಯಿತು, ಪ್ರಾಯೋಜಕರು ಕಡಿಮೆಯಾದರು, ಕೊಡಬೇಕಾದ ಬಾಕಿ ಬೆಳೆಯಿತು. 2005ರಲ್ಲಿ ಕಂಪನಿ ಕೈಚೆಲ್ಲಿತು. ಆಗ ಮೂರೂ ತುಂಡುಗಳು ಬೇರೆ ಬೇರೆ ದಿಕ್ಕಿಗೆ ಎಳೆಯತೊಡಗಿದವು.

ಅಭಿಮಾನಿಗಳು ಕಟ್ಟಿದ್ದು ಡಿಎಫ್‌ಬಿ, ಬೊಹೀಮಿಯನ್ಸ್ ಅಭಿಮಾನಿಗಳ ಸಹಕಾರ ಸಂಘ. ನಮ್ಮ ಹಾಲಿನ ಸೊಸೈಟಿಗಳ ಹಾಗೆಯೇ ಸದಸ್ಯರು, ಪಾಲು, ಸಭೆ ಇರುವ ಸಂಘ. ಸುಮ್ನೆ ಚಂದಾ ಎತ್ತಿ ಕೈ ತೊಳೆದುಕೊಳ್ಳದೆ ಸಂಘ ಕಟ್ಟಿದ್ದು ಜಾಣತನ ಅಂತ ನನ್ನ ಅಭಿಪ್ರಾಯ. ಚಂದಾ ಕೊಟ್ಟವನಿಗೆ ಕೊಟ್ಟ ಮೇಲೆ ಹಕ್ಕಿಲ್ಲ. ಸದಸ್ಯನಿಗೆ ಇದೆ. ಸಾಲ ಕೊಟ್ಟವರ ಜೊತೆ, ಫುಟ್‌ಬಾಲ್ ಒಕ್ಕೂಟದ ಜೊತೆ ಮಾತಾಡಲು ಒಂದು ಕಾನೂನುಬದ್ಧ ಮುಖ ಬೇಕಿತ್ತು, ಅದು ಸಿಕ್ಕಿತು. ಕೂಡಿದ್ದು ಹತ್ತಾರು ಲಕ್ಷ ಕೊರುನಾ (ಚೆಕ್ ನಾಣ್ಯ). ವೃತ್ತಿಪರ ಕ್ಲಬ್‌ನ ಲೆಕ್ಕದಲ್ಲಿ ಅದು ದೊಡ್ಡ ಮೊತ್ತವೇನಲ್ಲ. ಆದರೆ ಕ್ಲಬ್ ಸಾಯಲಿಲ್ಲ ಎಂದು ತೋರಿಸಲು ಸಾಕಾಯಿತು. ಅದನ್ನು ನೋಡಿ ದುಡ್ಡಿದ್ದವರೂ ಬಂದರು. ಹೊಸ ಕಂಪನಿ ಆಯಿತು, ಅದರಲ್ಲಿ ಸಂಘಕ್ಕೂ ಷೇರು. ಪನೆಂಕಾ ಅಧ್ಯಕ್ಷರ ಸ್ಥಾನದಲ್ಲಿ ನಿಂತರು.

ತಂಡ ಮೂರನೇ ದರ್ಜೆಯಲ್ಲಿ ಆಡಿತು. ಸಣ್ಣ ಊರುಗಳ ತಂಡಗಳ ಎದುರು ಆಡುವ ಆ ಪಂದ್ಯಗಳಿಗೆ ದ್ಯೋಲಿಚೆಕ್‌ನಲ್ಲಿ ಸಾವಿರಾರು ಜನ ಸೇರುತ್ತಿದ್ದರು. ಆ ದರ್ಜೆಯಲ್ಲಿ ಕೆಲವು ನೂರು ಜನ ಬಂದರೆ ಹೆಚ್ಚು.

ಒಂದೇ ಹೆಸರು, ಎರಡು ತಂಡ

ಹೆಸರಿನ ಹಕ್ಕಿದ್ದ ಹಳೆಯ ಸಂಘ ಇಷ್ಟರಲ್ಲಿ ಬೇರೆ ದಾರಿ ಹಿಡಿದಿತ್ತು. ಊರಿನ ಉತ್ತರದ ಸ್ತ್ರಿಷ್ಕೊವ್ ಎಂಬ ಕಡೆಯ ಕ್ಲಬ್‌ಗೆ ಹೆಸರನ್ನೂ ಲಾಂಛನವನ್ನೂ ಬಾಡಿಗೆಗೆ ಕೊಟ್ಟಿತು. ಆ ಕ್ಲಬ್ ಎಫ್‌ಕೆ ಬೊಹೀಮಿಯನ್ಸ್ ಪ್ರಾಗ್ ಆಯಿತು. ವರ್ಶೋವಿತ್ಸೆಯವರು ಬೊಹೀಮಿಯನ್ಸ್ 1905 ಎಂದು ಇಸವಿ ಸೇರಿಸಿಕೊಂಡು ಆಡಿದರು. ಒಂದು ಕಡೆ ಕಾಗದ, ಇನ್ನೊಂದು ಕಡೆ ಜನ. ಮೊಕದ್ದಮೆಗಳು ವರ್ಷಗಟ್ಟಲೆ ನಡೆದವು.

ಇಲ್ಲಿ ಒಂದು ಮಾತು ನ್ಯಾಯವಾಗಿ ಹೇಳಬೇಕು. ಸ್ತ್ರಿಷ್ಕೊವ್‌ನವರು ಕಳ್ಳತನ ಮಾಡಿದರು ಎಂದು ವರ್ಶೋವಿತ್ಸೆಯವರು ಬೈಯುವುದುಂಟು. ಕಾನೂನಿನ ಕಣ್ಣಲ್ಲಿ ಅವರು ಹಕ್ಕುದಾರರಿಂದಲೇ ಬಾಡಿಗೆಗೆ ಪಡೆದಿದ್ದರು. ಅವರ ಲೆಕ್ಕ ತಪ್ಪಿದ್ದು ಬೇರೆ ಕಡೆ. ಹೆಸರು ಬಂದರೆ ಹೆಸರಿನ ಹಿಂದಿನ ಜನವೂ ಬರುತ್ತಾರೆ ಅಂದುಕೊಂಡರು. ಯಾರೂ ಬರಲಿಲ್ಲ. ಹಸಿರು ಬಿಳಿ ಜೆರ್ಸಿ, ಎದೆಯ ಮೇಲೆ ಕಾಂಗರೂ, ಆದರೆ ಸ್ಟ್ಯಾಂಡ್ ಖಾಲಿ.

ಮೈದಾನದ ಮೇಲೆ ಮಾತ್ರ ಈ ಬಾಡಿಗೆ ಬೊಹೀಮಿಯನ್ಸ್ ಚೆನ್ನಾಗಿಯೇ ಆಡಿತು. ವರ್ಶೋವಿತ್ಸೆಯವರು 2007ರಲ್ಲಿ ಮೊದಲ ದರ್ಜೆಗೆ ಹತ್ತಿ, 2008ರಲ್ಲಿ ಮತ್ತೆ ಇಳಿದರು. ಅವರು ಇಳಿದ ವರ್ಷವೇ ಸ್ತ್ರಿಷ್ಕೊವ್‌ನವರು ಮೇಲೆ ಬಂದರು! 2009ರಲ್ಲಿ ವರ್ಶೋವಿತ್ಸೆ ಎರಡನೇ ದರ್ಜೆ ಗೆದ್ದು ವಾಪಸಾಯಿತು. ಹೀಗೆ 2009–10ರ ಸೀಸನ್‌ನಲ್ಲಿ ದೇಶದ ಅತ್ಯುನ್ನತ ಲೀಗ್‌ನ ಪಟ್ಟಿಯಲ್ಲಿ ಎರಡು ಬೊಹೀಮಿಯನ್ಸ್. ಪೇಪರಿನಲ್ಲಿ ಫಲಿತಾಂಶ ಓದುವವರ ಗತಿ ಏನು ಅಲ್ವಾ?

2010ರ ಏಪ್ರಿಲ್‌ನಲ್ಲಿ ಇಬ್ಬರೂ ಎದುರುಬದುರಾಗಬೇಕಿತ್ತು. ಹೆಸರಿನ ಜಗಳವನ್ನೇ ಮುಂದಿಟ್ಟು ಸ್ತ್ರಿಷ್ಕೊವ್ ತಂಡ ಪಂದ್ಯಕ್ಕೆ ಬರಲೇ ಇಲ್ಲ. ಪಂದ್ಯ ಸೋತಂತೆ ಲೆಕ್ಕವಾಯಿತು, ಮೇಲೆ ಅಂಕಗಳನ್ನೂ ಕಡಿದರು. ಸೀಸನ್ ಕೊನೆಗೆ ಅವರು ಪಟ್ಟಿಯ ತಳದಲ್ಲಿದ್ದರು. ಕೆಳಗಿಳಿದವರು ಮತ್ತೆ ಮೇಲೆ ಬರಲಿಲ್ಲ.

ಆ ಪ್ರತಿಭಟನೆ ನನಗೆ ಅರ್ಥವೇ ಆಗುವುದಿಲ್ಲ. ಅವರ ಕೈಯಲ್ಲಿ ಇದ್ದದ್ದು ಆಟ ಒಂದೇ. ಅದನ್ನೂ ಬಿಟ್ಟರು.

ಮೈದಾನವೇ ಕೈತಪ್ಪಿದಾಗ

ಹೆಸರಿನ ಪ್ರತಿಸ್ಪರ್ಧಿ ಬಿದ್ದ ಅದೇ ವರ್ಷ ಇನ್ನೊಂದು ಪೆಟ್ಟು. 2010ರಲ್ಲಿ ಬೊಹೀಮಿಯನ್ಸ್ ದ್ಯೋಲಿಚೆಕ್ ಬಿಟ್ಟು ಸ್ಲಾವಿಯಾದ ಈಡನ್‌ಗೆ ಬಾಡಿಗೆಗೆ ಹೋಯಿತು. ದ್ಯೋಲಿಚೆಕ್ ನೆಲ ಖಾಸಗಿಯವರದು, ಬಾಡಿಗೆ ಭಾರ, ಕಟ್ಟಡ ಹಳೆಯದು. ಪ್ರಾಗ್‌ನ ಒಳಭಾಗದ ಅಂಥ ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದರೆ ಎಷ್ಟು ಬೆಲೆ ಎಂದು ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಕ್ಲಬ್‌ನ ಆಡಳಿತ ಈಡನ್‌ನ ಒಪ್ಪಂದವನ್ನು ಲೆಕ್ಕಾಚಾರ ಎಂದಿತು. ಅಭಿಮಾನಿಗಳಿಗೆ ಅದು ಪಕ್ಕದ ಮನೆಯ ಎದುರಾಳಿಯ ಹಿತ್ತಲಲ್ಲಿ ಬದುಕಿದ ಹಾಗಾಯಿತು.

ಈ ಘಟ್ಟದಲ್ಲಿ ಗಮನಿಸಬೇಕಾದದ್ದು, ಅಭಿಮಾನಿಗಳು ತಾವೇ ಉಳಿಸಿದ ಕ್ಲಬ್‌ನ ಆಡಳಿತದ ವಿರುದ್ಧವೇ ನಿಂತರು ಎಂಬುದು. ಸಂಘಕ್ಕೆ ಷೇರು ಇತ್ತು, ಬಹುಮತ ಇರಲಿಲ್ಲ. ಹೆಚ್ಚಿನ ಪಾಲು ದುಡ್ಡು ಹಾಕಿದ ಉದ್ಯಮಿಯ ಕಡೆ. ಹಾಗಾಗಿ ಮೈದಾನ ಬದಲಾಯಿಸುವ ನಿರ್ಧಾರವನ್ನು ತಡೆಯಲು ಆಗಲಿಲ್ಲ. ಆದರೆ ಅವರು ನಗರಸಭೆಯ ಬಾಗಿಲು ಬಡಿಯುವುದನ್ನು ಬಿಡಲಿಲ್ಲ. ಸಹಿ ಸಂಗ್ರಹ, ಮೆರವಣಿಗೆ, ಚುನಾವಣೆ ಬಂದಾಗ ಅಭ್ಯರ್ಥಿಗಳಿಗೆ ನೇರ ಪ್ರಶ್ನೆ. ಪ್ರಾಗ್‌ನಲ್ಲಿ ದ್ಯೋಲಿಚೆಕ್ ಒಂದು ರಾಜಕೀಯ ವಿಷಯವೇ ಆಗಿಹೋಯಿತು.

2012ರಲ್ಲಿ ತಂಡ ಮತ್ತೆ ಎರಡನೇ ದರ್ಜೆಗೆ ಬಿತ್ತು. ಅದೇ ವರ್ಷ ದ್ಯೋಲಿಚೆಕ್‌ಗೆ ವಾಪಸ್ ಬಂತು. ಒಂದೇ ಸೀಸನ್‌ನಲ್ಲಿ ಮೇಲೆ ಹತ್ತಿತು, 2013ರಲ್ಲಿ ಹೆಸರೂ ಬೊಹೀಮಿಯನ್ಸ್ ಪ್ರಾಗ್ 1905 ಎಂದು ನೆಲೆಯಾಯಿತು. ಅಲ್ಲಿಂದ ಮೊದಲ ದರ್ಜೆಯಲ್ಲೇ ಇದೆ. 2016ರಲ್ಲಿ ಪ್ರಾಗ್ ನಗರಾಡಳಿತ ಸುಮಾರು 12 ಕೋಟಿ ಕೊರುನಾ ಕೊಟ್ಟು ದ್ಯೋಲಿಚೆಕ್ ಕೊಂಡುಕೊಂಡಿತು.

ಒಂದು ಖಾಸಗಿ ಕ್ಲಬ್ ಆಡುವ ಮೈದಾನಕ್ಕೆ ತೆರಿಗೆದಾರರ ದುಡ್ಡು ಏಕೆ ಎಂದು ಕೇಳಿದವರೂ ಇದ್ದರು. ಆ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ನನ್ನ ಮಟ್ಟಿಗೆ ಉತ್ತರ ಹೀಗೆ: ನಗರ ಕೊಂಡದ್ದು ನೆಲವನ್ನು, ಕ್ಲಬ್ಬನ್ನಲ್ಲ. ಕ್ಲಬ್ ನಾಳೆ ದಿವಾಳಿಯಾದರೂ ಬಡಾವಣೆಯ ಮೈದಾನ ಮೈದಾನವಾಗಿಯೇ ಉಳಿಯುತ್ತದೆ. 2005ರಲ್ಲಿ ಆ ಭರವಸೆ ಯಾರಿಗೂ ಇರಲಿಲ್ಲ.

ಈಗಿನ ಲೆಕ್ಕ

2022–23ರಲ್ಲಿ ಬೊಹೀಮಿಯನ್ಸ್ ಲೀಗ್‌ನಲ್ಲಿ 4ನೇ ಸ್ಥಾನಕ್ಕೆ ಬಂತು. ದಶಕಗಳ ನಂತರ ಯುರೋಪಿನ ಟೂರ್ನಿಗೆ ಅರ್ಹತೆ. ಕಾನ್ಫರೆನ್ಸ್ ಲೀಗ್‌ನ ಅರ್ಹತಾ ಸುತ್ತಿನಲ್ಲಿ ನಾರ್ವೆಯ ಬೂಡೊ ಗ್ಲಿಮ್ಟ್ ಎದುರು ಸೋತು ಹೊರಬಿದ್ದರು. ಆ ಸಲ ಎದುರಾಳಿ ಬಹಳ ದೊಡ್ಡವರು, ಅದರಲ್ಲಿ ನಾಚಿಕೆಯೇನಿಲ್ಲ.

2005ರ ಮೂರು ತುಂಡುಗಳಲ್ಲಿ ಹೆಸರು ತಂಡದ ಬಳಿಗೆ ಬಂದಿದೆ. ನೆಲ ನಗರದ್ದು, ತಂಡ ಬಾಡಿಗೆದಾರ. ಹಳೆಯ ಸ್ಟ್ಯಾಂಡ್‌ಗಳನ್ನು ಕೆಡವಿ ಕಟ್ಟುವ ಮಾತು ವರ್ಷಗಟ್ಟಲೆ ಯೋಜನೆಯ ಹಂತದಲ್ಲೇ ಎಳೆಯಿತು. ಲೀಗ್‌ನ ನಿಯಮಗಳು ಬಿಗಿಯಾದಷ್ಟೂ ಈ ಮೈದಾನ ಇಕ್ಕಟ್ಟಾಗುತ್ತದೆ. ಅಭಿಮಾನಿಗಳ ಸಂಘದ ಬಳಿ ಸಣ್ಣ ಪಾಲಿದೆ. ದೊಡ್ಡ ನಷ್ಟ ಬಂದರೆ ತುಂಬುವ ಶಕ್ತಿ ಆ ಪಾಲಿಗಿಲ್ಲ, ದೊಡ್ಡ ಮಾಲೀಕ ಮಾರಲು ಹೊರಟರೆ ತಡೆಯುವ ಶಕ್ತಿಯೂ ಇಲ್ಲ. ಕ್ಲಬ್ ಬಿದ್ದ ಮೇಲೆ ಎತ್ತಲು ಸಂಘ ಸಾಕಾಯಿತು. ಬೀಳದ ಹಾಗೆ ಹಿಡಿಯಲು ಅದಕ್ಕೆ ಇನ್ನೂ ಷೇರು ಬೇಕು, ಅದನ್ನು ಕೊಳ್ಳುವಷ್ಟು ದುಡ್ಡು ಅದರ ಬಳಿ ಇಲ್ಲ.